ಬ್ಲಾಕುಗಳ ಕುಶಲೋಪರಿ

ಮಹಾನವಮಿ ಹತ್ತಿರ ಬಂತೆಂದರೆ ನಮ್ಮ ಗೋಕಾಕದ ಮನೆಗಳಲ್ಲಿ ನೀರು ಕಾಣದೆ ಉಳಿಯುವ ವಸ್ತು ಯಾವುದೂ ಇರುವುದಿಲ್ಲ. ಕೌದಿ, ಜಮಖಾನೆ, ವರ್ಷವಿಡೀ ಅಟ್ಟದ ಮೇಲೆ ಮೌನವ್ರತ ಹಿಡಿದ ಹಿತ್ತಾಳೆಯ ಕೊಡ, ಎಲ್ಲವೂ ಬೆಳಕು ಕಂಡು, ತೊಳೆಸಿಕೊಂಡು, ಒಣಗಿ ಒಳಗೆ ಬರಬೇಕು. ನನ್ನ ಹೆಂಡತಿ ಹುಕ್ಕೇರಿಯವಳು. ಈ ನಿಷ್ಠೆಯಲ್ಲಿ ಹುಕ್ಕೇರಿಯವರ ಮುಂದೆ ನಾವು ಗೋಕಾಕದವರು ಏನೇನೂ ಅಲ್ಲ. ಕಳೆದ ಹಬ್ಬಕ್ಕೆ ಮುಂಚೆ ಅವಳು, "ಮನಿ ಮಂದಿ ಎಲ್ಲಾ ದುಡ್ಯಾಕತ್ತಾರ, ನೀವೊಬ್ಬರು ಕುರ್ಚಿ ಕಾಯಾಕತ್ತೀರಿ" ಎಂದದ್ದೇ ತಡ, ನಿವೃತ್ತ ಕನ್ನಡ ಅಧ್ಯಾಪಕನಾದ ನನ್ನ ಸ್ವಾಭಿಮಾನ ಕೆರಳಿತು. ನನ್ನ ಪಾಲಿನ ಶುಚಿಕಾರ್ಯವೆಂದು ಅಂಗೈಯಗಲದ ಡಿಸ್ಕೊಂದನ್ನು ಕಂಪ್ಯೂಟರಿಗೆ ಜೋಡಿಸಿ, 'ಹಳೇದು' ಎಂಬ ಹೆಸರಿನ ಫೋಲ್ಡರನ್ನು ತೆರೆದು ನೋಡುವ ಗೋಜಿಗೂ ಹೋಗದೆ ಒಂದೇ ಏಟಿಗೆ ಅಳಿಸಿ, ಧನ್ಯತಾಭಾವದಿಂದ ಚಹಾ ಕುಡಿಯಲು ಕೂತೆ.

ಅರ್ಧ ಕಪ್ ಮುಗಿದಿರಬೇಕು, ಕಪ್ಪನ್ನು ಕೆಳಗಿಟ್ಟು ದಡಬಡಿಸಿ ಎದ್ದೆ. ಶಿವಲಿಂಗಪ್ಪ ಕಾಕಾ ಅವರ ಧ್ವನಿ ಇದ್ದದ್ದು ಆ 'ಹಳೇದು' ಒಳಗೇ!

ಕಾಕಾ ನಮ್ಮ ಓಣಿಯವರು, ಕಟ್ಟಿಗೆಯ ಗೊಂಬೆ ಮಾಡುವವರು. ಅವರು ಕೆತ್ತಿದ ಗಿಳಿಯನ್ನು ಕಿಟಕಿಯಲ್ಲಿಟ್ಟರೆ ನಿಜವಾದ ಗಿಳಿಗಳು ಬಂದು ಮಾತಾಡಿಸಿ ಹೋಗುತ್ತವೆ ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ. ನಂಬಬೇಡಿ, ಅದು ನನ್ನ ಉತ್ಪ್ರೇಕ್ಷೆ. ಆದರೆ ಅವರ ವಿದ್ಯೆ ಉತ್ಪ್ರೇಕ್ಷೆಯಲ್ಲ. ಕಟ್ಟಿಗೆ ಆರಿಸುವುದರಿಂದ ಹಿಡಿದು ಹುಣಸೆಬೀಜದ ಅಂಟು ಕಾಯಿಸುವುದು, ಬಣ್ಣ ಹಚ್ಚುವುದರವರೆಗೆ ಅವರು ಹೇಳಿದ್ದನ್ನೆಲ್ಲ ಎಂಟು ಸಂಜೆ ಕೂತು ನಾನು ಧ್ವನಿಮುದ್ರಿಸಿಕೊಂಡಿದ್ದೆ. ಆಮೇಲೆ ಅವರಿಗೆ ಲಕ್ವಾ ಹೊಡೆದು, ಬಲಗೈಯೂ ಮಾತೂ ಒಟ್ಟಿಗೇ ಹೋದವು. ಈಗ ಅವರ ಸೊಸೆ ಮಹಾದೇವಿ ಉಳಿ ಹಿಡಿದಿದ್ದಾಳೆ. ಆ ಧ್ವನಿಮುದ್ರಿಕೆಗಳನ್ನು ಬಿಟ್ಟರೆ ಅವಳಿಗೆ ಬೇರೆ ಗುರುವಿಲ್ಲ. ಹಿಂದಿನ ವಾರವಷ್ಟೇ ಬಂದು ಕೇಳಿದವಳಿಗೆ, "ಹಬ್ಬ ಮುಗೀಲಿ ತಂಗಿ, ಕೊಡತೇನಿ" ಎಂದು ದೊಡ್ಡಸ್ತಿಕೆಯಿಂದ ಹೇಳಿ ಕಳಿಸಿದ್ದೆ. ಒಂದು ಮನೆತನದ ಕಸುಬನ್ನು ಕೌದಿಯ ಜೊತೆ ತೊಳೆದುಬಿಟ್ಟಿದ್ದೆ ನೋಡಿ.

ಡಿಸ್ಕನ್ನು ಕಿತ್ತುಕೊಂಡು ಮೂಡಲಗಿಯ ಬಸ್ಸು ಹತ್ತಿದೆ. ಅಲ್ಲಿ ಸವಿತಾ ಎಂಬಾಕೆ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಮಮದಾಪುರದ ಒಕ್ಕಲುತನದ ಮನೆಯ ಮಗಳು, ಮಾತು ಕಮ್ಮಿ. ನನ್ನ ವಿಲಾಪವನ್ನೆಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಳಿಸಿದ ಮ್ಯಾಲೆ ಡಿಸ್ಕ್ ಎಷ್ಟೊತ್ತು ಹಚ್ಚಿ ಬಿಟ್ಟಿದ್ರಿ ಸರ?"

"ಅರ್ಧ ಕಪ್ ಚಹಾ ಕುಡಿಯೂಮಟ."

"ಪೂರ್ತಿ ಕುಡೀಲಿಲ್ಲಲ್ಲ, ಚಲೋ ಆತು ಬಿಡ್ರಿ."

ಡಿಸ್ಕನ್ನು ತನ್ನ ಯಂತ್ರಕ್ಕೆ ಜೋಡಿಸಿ, ಕರಿಯ ಪರದೆಯ ಮೇಲೆ ಅವಳು ಒಂದು ಆಜ್ಞೆಯನ್ನು ಬೆರಳಚ್ಚಿಸಿದಳು: ಎಸ್‌ಜಿ ಗೆಟ್ ಎಲ್‌ಬಿಎ ಸ್ಟೇಟಸ್. ನಡುವೆ ಅಡಿಗೆರೆಗಳನ್ನು ಹಾಕಿ ಬೆಸೆದ ಆ ಪದಪುಂಜವನ್ನು ಕಂಡು, ಆಪತ್ಕಾಲದಲ್ಲೂ ನನ್ನೊಳಗಿನ ಮೇಷ್ಟ್ರು ಇದು ಯಾವ ಸಮಾಸವೆಂದು ಯೋಚಿಸತೊಡಗಿದ, ಜಾತಿಗುಣ ಹೋಗುವುದಿಲ್ಲ. ಡಿಸ್ಕು ತನ್ನ ಹೊಟ್ಟೆಯನ್ನು ಬ್ಲಾಕುಗಳೆಂಬ ಅಸಂಖ್ಯ ತುಣುಕುಗಳಾಗಿ ಲೆಕ್ಕವಿಡುತ್ತದಂತೆ. ಏನಾದರೂ ಬರೆದಾಗಲಷ್ಟೇ ಒಂದು ಬ್ಲಾಕಿಗೆ ನಿಜವಾದ ಜಾಗ ಕೊಡುತ್ತದೆ; ಅಳಿಸಿದ ಸುದ್ದಿಯನ್ನು ಕಂಪ್ಯೂಟರು ಮುಟ್ಟಿಸಿದ ಮೇಲೆ ಆ ಜಾಗವನ್ನು ವಾಪಸು ತೆಗೆದುಕೊಳ್ಳುತ್ತದೆ. ಯಾವುದು ಕೊಟ್ಟಂತೆಯೇ ಇದೆ, ಯಾವುದು ವಾಪಸಾಗಿದೆ ಎಂದು ಆ ಡಿಸ್ಕನ್ನೇ ಕೇಳುವ ವಿಧಾನ ಇದು. ಎಷ್ಟನೆಯ ಬ್ಲಾಕಿನಿಂದ ಎಷ್ಟು ಬ್ಲಾಕು ಎಂಬ ಅಂಕಿಗಳ ಮುಂದೆ ಮ್ಯಾಪ್ಡ್, ಡಿಅಲೊಕೇಟೆಡ್ ಎಂಬ ಶಬ್ದಗಳು ಸಾಲುಸಾಲಾಗಿ ಇಳಿದವು.

"ಎಲ್ಲಾ ಡಿಸ್ಕು ಇದಕ್ಕ ಉತ್ತರಾ ಕೊಡೂದಿಲ್ರಿ, ನಿಮ್ಮದು ಕೊಡಾಕತ್ತೈತಿ" ಎಂದಳು ಸವಿತಾ. "ನೀವು ಹೊಲದ ಉತಾರದಾಗಿನ, ಅಂದ್ರ ಪಹಣಿಯಾಗಿನ, ಹೆಸರು ತಗಸೀರಿ ಅಷ್ಟರಿ. ಮ್ಯಾಪ್ಡ್ ಅಂತ ಇದ್ದಲ್ಲಿ ಹೊಲದಾಗ ಬೆಳಿ ಇನ್ನೂ ನಿಂತಿರಬಹುದು. ಡಿಅಲೊಕೇಟೆಡ್ ಅಂತ ಇದ್ದಲ್ಲಿ ಹೊಲಾ ಹರಗಿ ಬೆಳಿ ಮಣ್ಣಾಗೇತಿ."

"ಹಂಗಾರ ಲಗೂನ ತಗೀಯವ್ವಾ!"

"ಅವಸರಾ ಮಾಡಬ್ಯಾಡ್ರಿ. ಇದು ಬರೇ ಕೇಳೂದು, ಮುಟ್ಟೂದಲ್ಲ. ಮೊದಲು ಕೇಳಬೇಕು."

ಆ ನಿಧಾನಕ್ಕೆ ನಾನು ಮನಸೋತೆ. ಮೂವತ್ತು ವರ್ಷ ತರಗತಿಯಲ್ಲಿ ವಿಮರ್ಶಾಪ್ರಜ್ಞೆಯ ಬಗ್ಗೆ ಉಪನ್ಯಾಸ ಬಿಗಿದವನು ನಾನು. ತೆರೆದು ನೋಡದೆ ಅಳಿಸಿದವನೂ ನಾನೇ. ಈಕೆ ಒಂದೊಂದು ಮುದ್ರಿಕೆಯೂ ಮೊದಲು ಎಲ್ಲಿತ್ತೆಂಬ ಗುರುತು ಹುಡುಕಿ, ಆ ಅಂಕಿಯನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಬರೆದುಕೊಂಡು, ಪರದೆಯ ಸಾಲಿಗೆ ತಾಳೆ ನೋಡುತ್ತಿದ್ದಳು. ನನ್ನನ್ನು ಸಮಾಧಾನಪಡಿಸಲು ಒಂದು ಸುಳ್ಳನ್ನೂ ಹೇಳಲಿಲ್ಲ. ಕೊನೆಗೆ, "ಆರು ಮ್ಯಾಪ್ಡ್ ಅದಾವು, ಆಸೆ ಐತಿ. ಎರಡು ಹೋಗ್ಯಾವ್ರಿ" ಎಂದಳು. ಹೋದವೆರಡೂ ಬಣ್ಣ ಹಚ್ಚುವುದನ್ನು ಕುರಿತವು. ಇಡೀ ಡಿಸ್ಕಿನ ಪ್ರತಿಯನ್ನು ಮೊದಲು ತೆಗೆದಿಟ್ಟು, ಆ ಪ್ರತಿಯಿಂದ ಆರನ್ನೂ ಅವಳು ಎತ್ತಿಕೊಟ್ಟಳು. ಅವಳಿಗೆ ಕೈಮುಗಿಯಬೇಕೆನಿಸಿತು, ಮುಗಿದೆ, ಅವಳೇ ನಾಚಿಕೊಂಡಳು.

ಮರುದಿನ ಬೆಳಿಗ್ಗೆ ಕಾಕಾ ಮನೆಗೆ ಹೋಗಿ ಮಹಾದೇವಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವಳು ಬೈಯಲಿಲ್ಲ. "ಬಣ್ಣಾನ ಹೋತೇನ್ರಿ ಸರ" ಎಂದು ಗೋಡೆಗೆ ಒರಗಿದಳು; ಬೈದಿದ್ದರೆ ಹಗುರಾಗುತ್ತಿದ್ದೆ. ಉಳಿದ ಮುದ್ರಿಕೆಗಳಲ್ಲಿ ಒಂದನ್ನು ಫೋನಿನಲ್ಲಿ ಹಚ್ಚಿದೆ. ಕಾಕಾ ಹೊರಸಿನ ಮೇಲೆ ಎಂದಿನಂತೆ ಸೂರು ನೋಡುತ್ತ ಮಲಗಿದ್ದರು. ಕೋಣೆಯಲ್ಲಿ ಅವರ ಹಳೆಯ ಗಡಸು ಧ್ವನಿ ತುಂಬಿತು: "ಹುಣಸಿಬೀಜಾ ಮೂರ ದಿನಾ ನೆನಿ ಹಾಕಬೇಕು..."

ಹೊರಸು ಕಿರುಗುಟ್ಟಿತು. ತಿರುಗಿ ನೋಡಿದರೆ ಕಾಕಾ ಎಡಗೈ ಎತ್ತಿ ಜೋರಾಗಿ ಅಲ್ಲಾಡಿಸುತ್ತಿದ್ದಾರೆ. ಆಮೇಲೆ ಎರಡು ಬೆರಳು ತೋರಿಸಿದರು.

"ಎರಡ ದಿನಾ ಏನ್ರಿ ಮಾವಾರ?" ಎಂದಳು ಮಹಾದೇವಿ, ಕಣ್ಣರಳಿಸಿ.

ಅವರು ಹೌದೆಂದು ತಲೆಯಾಡಿಸಿದರು. ತಮ್ಮದೇ ಧ್ವನಿ ಮಾಡಿದ ತಪ್ಪನ್ನು ತಿದ್ದಿದ ಆ ಮುದುಕ, ನನ್ನತ್ತ ನೋಡಿದ ನೋಟದಲ್ಲಿ ದಡ್ಡ ವಿದ್ಯಾರ್ಥಿಯ ಮೇಲಿನ ಅಸಹನೆ ಇತ್ತು. ಇಷ್ಟು ತಿಂಗಳು ನಾವೆಲ್ಲ ಅವರ ಬಾಯಿ ಒರೆಸಿ, ಗಂಜಿ ಕುಡಿಸಿ, ಅವರ ಎದುರಿಗೇ ಎಲ್ಲ ಮುಗಿಯಿತೆಂದು ಮಾತಾಡಿಕೊಂಡಿದ್ದೆವು. ಒಬ್ಬರಾದರೂ ಅವರನ್ನೇ ಕೇಳಿರಲಿಲ್ಲ. ನಿರ್ಜೀವ ಡಿಸ್ಕನ್ನು ಇಡೀ ದಿನ ವಿಚಾರಿಸಿ ಬಂದ ನನಗೂ ಅದು ಹೊಳೆದಿರಲಿಲ್ಲ. ನಾಚಿಕೆಯಾಯಿತು, ಕಣ್ಣು ತುಂಬಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ಮಹಾದೇವಿ ಒಳಗೆ ಓಡಿ, ಇನ್ನೂ ಬಣ್ಣ ಕಾಣದ ಗಿಳಿಯೊಂದನ್ನೂ ಬಣ್ಣದ ಬಟ್ಟಲುಗಳನ್ನೂ ತಂದು ಹೊರಸಿನ ಬಾಜೂಕ್ಕೆ ಕೂತಳು.

"ಮಾವಾರ, ಇದಕ್ಕ ಮೊದಲ ಯಾವ ಬಣ್ಣಾ ಹಚ್ಚಬೇಕ್ರಿ?"

ಕಾಕಾ ಹಸಿರನ್ನು ದಾಟಿಸಿ, ಕೆಂಪನ್ನು ದಾಟಿಸಿ, ಬೆರಳನ್ನು ನೇರವಾಗಿ ಹಳದಿಯ ಬಟ್ಟಲಿನೊಳಗೆ ಅದ್ದಿದರು.