ನಾನು ಕೊಟ್ಟ ಡ್ರಾಪ್ಸ್

ಗಿರಿಜಾಳ ಕಣ್ಣು ಮೊದಲ ಸಲ ಕೆಂಪಾದಾಗ ಡ್ರಾಪ್ಸ್ ಹಾಕಿದವನು ಅವಳ ಗಂಡನಾದ ನಾನೇ. ಹಡಗಲಿಯಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಡಾಕ್ಟರಿಗಿಂತ ಮೊದಲು ಜನ ನನ್ನ ಹತ್ತಿರ ಬರುತ್ತಾರೆ. ಅದರ ಸೊಕ್ಕು ನನಗಿತ್ತು. ಸ್ಟೆರಾಯ್ಡ್ ಡ್ರಾಪ್ಸ್ ಹಾಕಿದೆ, ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯಿತು. "ಮನ್ಯಾಗ ನೀವಿರುವಾಗ ಡಾಕ್ಟ್ರು ಯಾಕ ಬೇಕ್ರಿ," ಅಂದಳು. ನಾನು ಉಬ್ಬಿದೆ.

ಮತ್ತೆ ಕೆಂಪಾಯಿತು. ಮತ್ತೆ ಅದೇ ಡ್ರಾಪ್ಸ್. ಹೀಗೇ ಎರಡು ವರ್ಷ.

ಆಮೇಲೆ ಬ್ಲೌಸ್ ಹೊಲಿಯುವಾಗ ಸೂಜಿಗೆ ದಾರ ಪೋಣಿಸಲು ಪರದಾಡತೊಡಗಿದಳು. ಬಾಗಿಲಿಗೆ ಎಡಭುಜ ಬಡಿಸಿಕೊಳ್ಳುತ್ತಿದ್ದಳು. ನೋಡಿಕೊಂಡು ನಡೆಯೋಕೆ ಏನು ಧಾಡಿ ಎಂದು ಗದರಿದೆ.

ದಾವಣಗೆರೆಗೆ ಕರೆದೊಯ್ಯುವಷ್ಟರಲ್ಲಿ ಎಡಗಣ್ಣು ಹೋಗಿತ್ತು.

ಕಣ್ಣೊಳಗೆ ಉರಿಯೂತ, ಅಂದರೆ ಯುವೈಟಿಸ್. ಅದರ ಜೊತೆಗೆ ಗ್ಲಾಕೋಮಾ. ಸ್ಟೆರಾಯ್ಡ್ ಡ್ರಾಪ್ಸಿಗೆ ಕಣ್ಣೊಳಗಿನ ಪ್ರೆಶರ್ ಏರಿ ನರ ಹಾಳಾಗಿದೆ, ಬಲಗಣ್ಣನ್ನಾದರೂ ಉಳಿಸಬೇಕು ಎಂದರು ಡಾಕ್ಟರ್. "ಇಷ್ಟು ದಿನ ಈ ಡ್ರಾಪ್ಸ್ ಹಾಕೋಕೆ ಹೇಳಿದವರು ಯಾರು?"

ನಾನು ಗೋಡೆ ನೋಡಿದೆ.

"ನಾನ ಹಾಕ್ಕೊಂಡೀನ್ರಿ ಸರ್. ಅಂಗಡ್ಯಾಗ ಇರತಾವಲ್ರಿ," ಅಂದಳು ಗಿರಿಜಾ. ಡಾಕ್ಟರ್ ಚೆನ್ನಾಗಿ ಬೈದರು. ಪೂರ್ತಿ ಬೈಸಿಕೊಂಡಳು. ನಾನು ಪಕ್ಕದಲ್ಲಿ ಚೀಟಿ ಮಡಚುತ್ತ ನಿಂತಿದ್ದೆ, ಹೇಡಿ.

ಪ್ರೆಶರ್ ಇಳಿಯಲೆಂದು ಬಲಗಣ್ಣಿನ ನೀರು ಹೊರಹೋಗಲು ಆಪರೇಷನ್ ಮಾಡಿ ದಾರಿ ಮಾಡಿದರು. ಉರಿಯೂತ ಇರುವ ಕಣ್ಣು ಸುಮ್ಮನಿರುವುದಿಲ್ಲವಂತೆ. ಮೂರು ತಿಂಗಳಲ್ಲಿ ಗಾಯ ಕೂಡಿಕೊಂಡು ದಾರಿ ಮುಚ್ಚಿತು. ಎರಡನೇ ಸಲ ಆಪರೇಷನ್ ಮಾಡಿ ನೀರು ಹರಿಯಲು ಸಣ್ಣ ಟ್ಯೂಬ್ ಇಟ್ಟರು. ಆಮೇಲೆ ಗಂಟೆಗೊಮ್ಮೆ ಹಾಕಲು ಬರೆದುಕೊಟ್ಟದ್ದು ಅದೇ ಸ್ಟೆರಾಯ್ಡ್. ಈಗ ಅದಿಲ್ಲದಿದ್ದರೆ ಈ ಆಪರೇಷನ್ನೂ ಕೆಡುತ್ತದೆ, ಆದರೆ ವಾರವಾರವೂ ಪ್ರೆಶರ್ ನೋಡಬೇಕು ಎಂದರು. ಆ ಎರಡು ವರ್ಷದಲ್ಲಿ ನಾನು ಒಂದು ದಿನವೂ ನೋಡಿಸಿರಲಿಲ್ಲ.

ವಾರ್ಡಿನಲ್ಲಿ ಕೇಳಿದಳು. "ಅವತ್ತು ಡಾಕ್ಟರ ಮುಂದ ಯಾಕ ಬಾಯಿ ಬಿಡಲಿಲ್ಲ ನೀವು?"

"ಹೆದರಿಕಿ ಆತು."

"ಹೆದರಿಕಿ ನಂಗೂ ಆಗೈತಿ. ನಂದು ಕಣ್ಣೂ ಹೋಗೈತಿ."

ಮರುದಿನ ಡಾಕ್ಟರಿಗೆ ನಿಜ ಹೇಳಿದೆ. ಅವರು ಕೇಸ್ ಶೀಟಿನಿಂದ ತಲೆ ಎತ್ತದೆ, "ಗೊತ್ತಿತ್ತು," ಅಂದರು.

ಈಗ ಪ್ರೆಶರ್ ಹತೋಟಿಯಲ್ಲಿದೆ. ಹೋದ ನೋಟ ಬರುವುದಿಲ್ಲ. ಬಲಗಣ್ಣಿಗೆ ಎದುರಿಗೆ ಕೂತವರ ಮುಖ ಕಾಣುತ್ತದೆ, ಪಕ್ಕದವರು ಕಾಣುವುದಿಲ್ಲ. ಅಷ್ಟಾದರೂ ಉಳಿಯಿತಲ್ಲ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡಿದ್ದೇವೆ. ಹೊಲಿಗೆ ಬಿಟ್ಟು ದಿನವೂ ಅಂಗಡಿಗೆ ಬಂದು ಕೂರುತ್ತಾಳೆ.

ಮೊನ್ನೆ ಹೊಳಲು ಊರಿನವನೊಬ್ಬ ಕಣ್ಣು ಉಜ್ಜಿಕೊಳ್ಳುತ್ತ ಬಂದ. "ಕೆಂಪಾಗೈತ್ರಿ ಅಣ್ಣಾರ, ಡ್ರಾಪ್ಸ್ ಕೊಡ್ರಿ."

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಕರೆದಳು. "ಇಲ್ಲಿ ಬಾರಪ್ಪ, ನನ್ನ ಎಡಗಣ್ಣು ನೋಡು. ಇವರು ಕೊಟ್ಟ ಡ್ರಾಪ್ಸಿಗೆ ಹೋಗೈತಿ. ನೀನು ಡಾಕ್ಟರ ಕಡಿಗೆ ಹೋಗು."

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

"ಹೋದ್ನಾ?" ಅಂದಳು.

"ಹೋದ."

"ಹಂಗಾರ ನನ್ನ ಡ್ರಾಪ್ಸ್ ಹಾಕ್ರಿ, ಟೈಮ್ ಆತು," ಎಂದು ಮುಖ ಮೇಲೆತ್ತಿ, ಉಳಿದ ಕಣ್ಣನ್ನು ಬೆರಳಿನಿಂದ ಅಗಲಿಸಿ ಹಿಡಿದಳು. ಯಾವ ಬಾಟಲಿ ಎಂದು ಕೇಳಲಿಲ್ಲ.