ಹರಿದು ಹಂಚಿದ ಹೆಸರು ಕೂಡಿಸುವ ಬುರುಲ್ಚಾ

ಬೆಳಗಿನ ಏಳು ಗಂಟೆ. ಬಿಷ್ಕೆಕ್‌ನ ಅರಣ್ಯ ಸಂಶೋಧನಾಲಯವೊಂದರ ನೆಲಮಾಳಿಗೆಯ ಗ್ರಂಥಾಲಯದಲ್ಲಿ ಆಗಲೇ ದೀಪ ಉರಿಯುತ್ತಿದೆ. ಎಡಗೈಯಲ್ಲಿ ಚಹಾದ ಬಟ್ಟಲು, ಬಲಗೈ ಬೆರಳು ಗಣಕದ ಪರದೆಯ ಮೇಲೆ. ಬುರುಲ್ಚಾ ಒಂದೊಂದೇ ಹೆಸರಿನ ಬಳಿ ನಿಂತು ವಿಚಾರಿಸುತ್ತಾರೆ: "ನೀನು ನಮ್ಮೋಳೇ ತಾನೆ?"

ಯಾರ ಲೇಖನವನ್ನು ಯಾರು, ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸುವುದು ಐವತ್ತನಾಲ್ಕರ ಈಕೆಯ ಕೆಲಸ. ದಿನಕ್ಕೆ ನಲವತ್ತು ಉಲ್ಲೇಖ ಪರಿಶೀಲಿಸುತ್ತಾರೆ. ತೊಂಬತ್ತರ ದಶಕದಲ್ಲಿ ಸಂಬಳ ನಿಂತಾಗ ಓಶ್ ಬಜಾರಿನಲ್ಲಿ ಮೂರು ವರ್ಷ ಸಮ್ಸಾ ಎಂಬ ಬಿಸಿ ಮಾಂಸದ ಸಮೋಸಾ ಮಾರಿದವರು. "ಅಲ್ಲೂ ಎಣಿಸ್ತಿದ್ದೆ. ಅಲ್ಲಿ ಕೈ ಸುಡ್ತಿತ್ತು, ಇಲ್ಲಿ ಕಣ್ಣು ಉರಿಯುತ್ತೆ, ಅಷ್ಟೇ" ಎಂದು ನಗುತ್ತಾರೆ.

ಕಳೆದ ಚಳಿಗಾಲ ಆಸಿಲ್‌ಕಾನ್ ಜೋಲ್ದುಬಾಯೆವಾ ಮುಖ ಬಾಡಿಸಿಕೊಂಡು ಮೆಟ್ಟಿಲಿಳಿದು ಬಂದರು. ಆಕ್ರೋಟ್ ಮರಗಳ ರೋಗದ ಮೇಲೆ ಮೂವತ್ತು ವರ್ಷ ದುಡಿದ ವಿಜ್ಞಾನಿ. ಸಂಶೋಧನೆಗೆ ವಿದ್ಯಾರ್ಥಿನಿಯೊಬ್ಬಳನ್ನು ತೆಗೆದುಕೊಳ್ಳಲು ಅವರ ಎಚ್-ಸೂಚ್ಯಂಕ ಐದಿರಬೇಕಿತ್ತು. ಅಂದರೆ ಐದು ಲೇಖನಗಳಾದರೂ ತಲಾ ಐದು ಸಲ ಉಲ್ಲೇಖವಾಗಿರಬೇಕು. ಗಣಕ ಕೊಟ್ಟದ್ದು ಎರಡು.

"ಮೂವತ್ತು ವರ್ಷಕ್ಕೆ ಬರೀ ಎರಡಾ, ಬುರುಲ್ಚಾ?"

"ಕೂತ್ಕೊಳ್ಳಿ ಎಜೆ" ಎಂದು ಬುರುಲ್ಚಾ ಆ ಹಿರಿಯಕ್ಕನಿಗೆ ಚಹಾ ಬಗ್ಗಿಸಿದರು. "ಇದರಲ್ಲಿ ನೀವು ಒಬ್ರಲ್ಲ, ನಾಲ್ಕು ಜನ ಇದ್ದೀರಿ!"

ರಷ್ಯನ್ ಲಿಪಿಯಿಂದ ಲ್ಯಾಟಿನ್ ಲಿಪಿಗೆ ಬರುವಾಗ ಅವರ ಹೆಸರು ಜೋಲ್ದುಬಾಯೆವಾ, ಝೋಲ್ದುಬಾಯೆವಾ, ದ್ಜೋಲ್ದುಬಾಯೆವಾ ಎಂದು ಒಡೆದಿತ್ತು. ಮದುವೆಗೆ ಮುಂಚಿನ ಹೆಸರು ಬೇರೆ. ಎಲ್ಲವನ್ನೂ ಕೂಡಿಸಿದರೂ ಸೂಚ್ಯಂಕ ನಾಲ್ಕಕ್ಕೆ ನಿಂತಿತು. ಐದನೆಯ ಲೇಖನಕ್ಕೆ ಒಂದೇ ಒಂದು ಉಲ್ಲೇಖ ಕಡಿಮೆ. ಅದೇ ಹೆಸರಿನ ಹೆರಿಗೆ ವೈದ್ಯೆಯೊಬ್ಬರ ಲೇಖನಕ್ಕೆ ಮಾತ್ರ ಹತ್ತೊಂಬತ್ತು ಇದ್ದವು.

"ಅದನ್ನೂ ಸೇರಿಸಿಬಿಡೋಣ್ವಾ?" ಆಸಿಲ್‌ಕಾನ್ ಅರ್ಧ ತಮಾಷೆಗೆ ಕೇಳಿದರು.

"ನೀವು ಹೆರಿಗೆ ಮಾಡ್ಸೋಕೆ ಯಾವಾಗ ಕಲಿತ್ರಿ, ಎಜೆ?"

ಬುರುಲ್ಚಾ ಹನ್ನೊಂದು ದಿನ ಹುಡುಕಿದರು. ಹನ್ನೆರಡನೆಯ ಬೆಳಿಗ್ಗೆ ತಾಷ್ಕೆಂಟಿನ ಪತ್ರಿಕೆಯೊಂದರ ಅಡಿಟಿಪ್ಪಣಿಯಲ್ಲಿ ಬೇಕಿದ್ದ ಆ ಒಂದು ಉಲ್ಲೇಖ ಸಿಕ್ಕಿತು. ಮೊದಲಕ್ಷರ ಉದುರಿ ಹೆಸರು 'ಓಲ್ದುಬಾಯೆವಾ' ಆಗಿ ಕೂತಿತ್ತು.

ತಿದ್ದುಪಡಿ ಒಪ್ಪಿಗೆಯಾಗಿ ಸೂಚ್ಯಂಕ ಐದಾದ ದಿನ ಆಸಿಲ್‌ಕಾನ್ ಬೋರ್ಸೋಕ್ ಎಂಬ ಹಿಟ್ಟಿನ ಉಂಡೆಗಳನ್ನು ಬಿಸಿಬಿಸಿ ಕರಿದು ತಂದರು. ಕಪಾಟುಗಳ ಸಂದಿಯಲ್ಲೇ ಬುರುಲ್ಚಾರ ಕೈ ಹಿಡಿದು ಗಿರಗಿರನೆ ತಿರುಗಿಸಿದರು. ವಿದ್ಯಾರ್ಥಿನಿ ಈಗ ಆಕ್ರೋಟ್ ಕಾಡಿನಲ್ಲಿ ಎಲೆ ಆರಿಸುತ್ತಿದ್ದಾಳೆ.

ಬುರುಲ್ಚಾರ ಹೆಸರಿನಲ್ಲಿ ಒಂದು ಲೇಖನವೂ ಇಲ್ಲ. ನನ್ನ ಹೊಸ ಪುಸ್ತಕದ ಕೃತಜ್ಞತೆಯ ಪುಟದಲ್ಲಿ ನಿನ್ನ ಹೆಸರು ಹಾಕುತ್ತೇನೆ ಎಂದು ಆಸಿಲ್‌ಕಾನ್ ಹಟ ಹಿಡಿದಿದ್ದಾರೆ.

"ಹಾಕಿ ಎಜೆ, ಬೇಡ ಅನ್ನಲ್ಲ" ಎನ್ನುತ್ತಾರೆ ಬುರುಲ್ಚಾ. "ಆದ್ರೆ ಅಚ್ಚಿಗೆ ಕೊಡೋ ಮುಂಚೆ ಕಾಗುಣಿತ ತೋರ್ಸಿ. ನನ್ನ ಹೆಸರು ಒಡೆದು ಹೋದ್ರೆ ಕೂಡ್ಸೋಕೆ ಈ ಊರಲ್ಲಿರೋಳು ನಾನೊಬ್ಳೇ!"