ಚಿನ್ನಿ ಹಿಡಿದ ಕರಣೆ

ಮಾದಾಪುರದ ಸುತ್ತಮುತ್ತ ಎದ್ದ ಎಷ್ಟೋ ಮನೆಗಳಿಗೆ ಚಿನ್ನಿ ತಲೆ ಮೇಲೆ ಗಾರೆ ಹೊತ್ತಿದ್ದಾಳೆ. ಸಿಮೆಂಟು, ಮರಳು ಕಲಸಿ, ಬಾಣಲೆ ತುಂಬಿ, ಮೇಸ್ತ್ರಿಯ ಕೈಗೆ ಎಟುಕುವಂತೆ ಇಡುವುದು ಅವಳ ಕೆಲಸ. ಗೋಡೆಗೆ ಗಾರೆ ಹಚ್ಚುವ ಕರಣೆಯನ್ನು ಸಂಜೆ ತೊಳೆದಿಟ್ಟಿದ್ದಳೇ ಹೊರತು ಹಿಡಿದು ಕೆಲಸ ಮಾಡಿರಲಿಲ್ಲ. ಅದು ಗಂಡಸರ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ.

ಈ ವರ್ಷ ಅವಳದೇ ಮನೆ ಎದ್ದಿತು. ಎಸ್ಟೇಟಿನ ಲೈನ್ ಮನೆ ಬಿಟ್ಟು ಗಂಡ ಕಾಳನೊಂದಿಗೆ ಅಲ್ಲಿಗೆ ಹೋಗಬೇಕು. ಮೇಲೆ ಶೀಟು ಹೊದಿಸಿಯಾಗಿತ್ತು, ಒಳಗಿನ ಗೋಡೆಗಳು ಮಾತ್ರ ಬರೀ ಇಟ್ಟಿಗೆ. ಮೇಸ್ತ್ರಿ ದೇರಪ್ಪ ಹೋಂಸ್ಟೇ ಕಟ್ಟುವ ಕೆಲಸ ಹಿಡಿದಿದ್ದ. "ಮಳೆಗಾಲ ಕಳೀಲಿ, ಬರ್ತೀನಿ" ಅಂದ.

"ಅಲ್ಲಿಗಂಟ ಯಾರು ಕಾಯ್ತಾರೆ? ನಾನೇ ಮಾಡ್ತೀನಿ" ಎಂದಳು ಚಿನ್ನಿ.

"ನಿಂಗೆ ಬತ್ತದಾ?" ಕಾಳ ಕೇಳಿದ.

"ನೋಡಿ ನೋಡಿ ಕಣ್ಣೇ ಸವೆದೈತೆ. ಬರದೇ ಏನು?"

ಬರಲಿಲ್ಲ. ಗೋಡೆ ನೆನೆಸಿದಳು, ಗಾರೆಯನ್ನು ಹದವಾಗಿ ಕಲಸಿದಳು. ಆದರೆ ಎರಚಿದ್ದರಲ್ಲಿ ಅರ್ಧ ನೆಲಕ್ಕೆ ಬಿತ್ತು. ಸಿಟ್ಟಿಗೆ ಕೈಯಲ್ಲೇ ಮೆತ್ತಿದಳು. ಇಟ್ಟಿಗೆಯ ತಗ್ಗು ಮುಚ್ಚಲೆಂದು ದಪ್ಪಗೆ ಹಚ್ಚಿದಳು. ಊಟ ಮಾಡಿ ಬರುವಷ್ಟರಲ್ಲಿ ಹಚ್ಚಿದ ಗಾರೆ ಹೊಟ್ಟೆ ಬಿಟ್ಟುಕೊಂಡಿತ್ತು. ನೋಡುತ್ತಿದ್ದಂತೆಯೇ ದೊಡ್ಡ ಹೆಂಟೆಯೊಂದು ಜಾರಿ ಬಿತ್ತು. ಚಿನ್ನಿ ಅಲ್ಲೇ ಕೂತು ಅತ್ತಳು. ಕಾಳ ನಗಲಿಲ್ಲ, ಸಲಿಕೆ ತಂದು ಬಿದ್ದದ್ದನ್ನು ಬಾಚಿದ.

ಭಾನುವಾರ ಆ ದಾರಿಯಲ್ಲಿ ಬಂದ ದೇರಪ್ಪ ಒಳಗೆ ಇಣುಕಿದ. ಗೋಡೆಯಲ್ಲಿ ಉಳಿದಿದ್ದ ಗಾರೆಯನ್ನು ತಟ್ಟಿದ. ಟೊಳ್ಳು ಸದ್ದು.

"ಇದನ್ನೂ ಕೆರೆದು ಹಾಕು ಚಿನ್ನಿ."

"ಎಲ್ಲಾನೂವಾ?"

"ಹ್ಞೂಂ. ಒಂದೇ ಸಲಕ್ಕೆ ಇಷ್ಟು ದಪ್ಪ ನಿಲ್ಲಲ್ಲ. ಮೊದಲು ತೆಳ್ಳಗೆ ಹೊಡಿ, ಅದು ಬಿಗೀಲಿ. ಆಮೇಲೆ ಇನ್ನೊಂದು ಕೈ."

ಸ್ವಲ್ಪ ಎರಚಿ ತೋರಿಸಿ, ಕರಣೆಯನ್ನು ಅವಳಿಗೇ ಕೊಟ್ಟ. "ತೋಳು ಬೀಸಬೇಡ. ಮಣಿಕಟ್ಟು ತಿರುಗಿಸು."

ಮಲಗುವ ಕೋಣೆ ಮುಗಿಯುವ ಹೊತ್ತಿಗೆ ಗಾರೆ ಗೋಡೆಯನ್ನು ಹಿಡಿಯತೊಡಗಿತು. ಕಿಟಕಿಯ ಮಗ್ಗುಲು ಇಂದಿಗೂ ಡೊಂಕೇ. ಅಡುಗೆಮನೆಯ ಗೋಡೆ ಮಾತ್ರ ಮಟ್ಟಗೋಲು ಇಟ್ಟು ನೋಡಿದಾಗ ನೇರವಾಗಿತ್ತು. ಚಿನ್ನಿ ಅದರ ಮೇಲೆ ಅಂಗೈ ಆಡಿಸುತ್ತ ಸ್ವಲ್ಪ ಹೊತ್ತು ನಿಂತಳು. ಮಳೆ ಹಿಡಿಯುವ ಮೊದಲೇ ಒಕ್ಕಲಾದರು.

ಮರುವಾರ ಅವಳು ಎಂದಿನಂತೆ ಗಾರೆ ಹೊರಲು ಹೋಂಸ್ಟೇ ಕೆಲಸಕ್ಕೆ ಹೋದಳು. ದೇರಪ್ಪ ಹಿಂದಿನ ಕೋಣೆ ತೋರಿಸಿದ. "ಒಳಗೋಡೆ ನೀನು ಮಾಡು. ಗಾರೆ ಕೊಡೋಕೆ ಬೇರೆಯವರು ಬರ್ತಾರೆ."

ಉಳಿದ ಮೇಸ್ತ್ರಿಗಳು ಮುಖ ಮುಖ ನೋಡಿಕೊಂಡರು. ಚಿನ್ನಿ ಸೆರಗು ಬಿಗಿದು, ಗೋಡೆ ನೆನೆಸಲು ನೀರು ತರಹೋದಳು.